ಗ್ರೀಸ್‌ನಲ್ಲಿ ಒಂದೇ ದ್ವೀಪ ಅಂದರೆ, ನನ್ನ ಓಟು ಹಿಯೋಸ್‌ಗೆ

ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ: “ನಿಮ್ಮ ಪ್ರವಾಸ ಸಂಚಿಕೆಯಲ್ಲಿ ಗ್ರೀಸ್ ಅಂದರೆ ಸ್ಯಾಂಟೊರಿನಿಯ ಬಿಳಿ ಮನೆ, ನೀಲಿ ಗುಮ್ಮಟ, ಅಷ್ಟೇ. ನಾನು, ನಮ್ಮ ಯಜಮಾನರು ಇಬ್ಬರೂ ನಿವೃತ್ತರು. ಜರ್ಮನಿಯಲ್ಲಿರುವ ಮಗಳ ಮನೆಗೆ ಹೋದಾಗ ಒಂದು ವಾರ ಗ್ರೀಸ್ ನೋಡುವ ಆಸೆ. ಇತಿಹಾಸ, ಒಳ್ಳೆ ನೋಟ, ಜನರ ಆಚಾರ ಮೂರೂ ಇರುವ ಒಂದೇ ದ್ವೀಪ ಹೇಳಿ. ನಾವು ಸಸ್ಯಾಹಾರಿಗಳು.”

ಮೇಡಂ, ಸ್ಯಾಂಟೊರಿನಿ ಚೆಂದವೇ. ಆದರೆ ಬೇಸಿಗೆಯಲ್ಲಿ ಅಲ್ಲಿ ದೊಡ್ಡ ದೊಡ್ಡ ಹಡಗುಗಳಿಂದ ಜನ ಇಳಿಯುತ್ತಲೇ ಇರುತ್ತಾರೆ. ಸೂರ್ಯಾಸ್ತ ನೋಡಲಿಕ್ಕೂ ನೂಕುನುಗ್ಗಲು. ನೀವು ಹಿಯೋಸ್‌ಗೆ ಹೋಗಿ. ಟರ್ಕಿಯ ದಡಕ್ಕೆ ತೀರಾ ಹತ್ತಿರ, ಎದುರಿನ ಚೆಶ್ಮೆ ಊರು ಬರಿಗಣ್ಣಿಗೆ ಕಾಣುತ್ತದೆ. ಅಥೆನ್ಸ್‌ನಿಂದ ವಿಮಾನದಲ್ಲಿ ಒಂದು ಗಂಟೆಯೂ ಬೇಡ. ಪಿರೇಯಸ್ ಬಂದರಿನಿಂದ ರಾತ್ರಿ ಹಡಗೂ ಇದೆ.

ಈ ದ್ವೀಪದ ಕಥೆಯೆಲ್ಲ ಒಂದು ಮರದ ಅಂಟಿನ ಸುತ್ತ ಇದೆ. ಅದೇ ಮಾಸ್ಟಿಕ್. ನಮ್ಮಲ್ಲಿ ಯುನಾನಿ ಔಷಧಿ ಅಂಗಡಿಯಲ್ಲಿ ರೂಮಿ ಮಸ್ತಗಿ ಅಂತ ಕೊಡುತ್ತಾರಲ್ಲ, ಅದು. ಈ ಜಾತಿಯ ಗಿಡ ಮೆಡಿಟರೇನಿಯನ್ ಸುತ್ತ ಬೇರೆ ಕಡೆಯೂ ಬೆಳೆಯುತ್ತದೆ. ಆದರೆ ಕೃಷಿ ಮಾಡಿ ಅಂಟು ತೆಗೆಯುವುದಕ್ಕೆ ಹೆಸರಾಗಿರುವುದು ಹಿಯೋಸ್‌ನ ದಕ್ಷಿಣ ಭಾಗ ಮಾತ್ರ. ಬೇಸಿಗೆ ಬಂತೆಂದರೆ ರೈತರು ಮರದ ಬುಡ ಗುಡಿಸಿ, ಸಮ ಮಾಡಿ, ಬಿಳಿ ಸುಣ್ಣದ ಪುಡಿ ಹರಡುತ್ತಾರೆ. ಆಮೇಲೆ ತೊಗಟೆಗೆ ಸಣ್ಣ ಸಣ್ಣ ಗೀರು ಹಾಕುತ್ತಾರೆ. ಹನಿ ಹನಿಯಾಗಿ ಇಳಿದ ಅಂಟು ಎರಡು ಮೂರು ವಾರದಲ್ಲಿ ಗಟ್ಟಿಯಾಗುತ್ತದೆ. ಕಸ ತೆಗೆದು ಶುಚಿ ಮಾಡುವ ಕೆಲಸ ಚಳಿಗಾಲದವರೆಗೂ ಎಳೆಯುತ್ತದೆ. ಹೆಂಗಸರು ಒಟ್ಟಿಗೆ ಕೂತು, ಚೂರಿ ಹಿಡಿದು, ಮಾತಾಡುತ್ತಾ ಮಾಡುವ ಕೆಲಸ ಅದು. 2014ರಲ್ಲಿ ಯುನೆಸ್ಕೊ ಈ ಕಸುಬನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಊರುಗಳು ಕಟ್ಟಿರುವ ರೀತಿಯೂ ಈ ಅಂಟಿನಿಂದಲೇ. 1346ರಿಂದ 1566ರವರೆಗೆ ದ್ವೀಪ ಇಟಲಿಯ ಜಿನೋವಾ ವ್ಯಾಪಾರಿಗಳ ಕೈಯಲ್ಲಿತ್ತು. ಮಾಲು ಕಡಲ್ಗಳ್ಳರ ಪಾಲಾಗಬಾರದು, ಬೆಳೆದವರೂ ಕದ್ದು ಮಾರಬಾರದು. ಹಾಗಾಗಿ ಹಳ್ಳಿಯನ್ನೇ ಕೋಟೆಯಾಗಿಸಿದರು. ಮೆಸ್ತಾ ಎಂಬ ಊರಿನಲ್ಲಿ ಅಂಚಿನ ಮನೆಗಳ ಹಿಂಗೋಡೆಗಳೇ ಕೋಟೆ ಗೋಡೆ. ಓಣಿಗಳು ಸುತ್ತಿ ಸುತ್ತಿ ಕಮಾನಿನ ಕೆಳಗೆ ನುಗ್ಗುತ್ತವೆ, ದಾರಿ ತಪ್ಪುವುದು ಗ್ಯಾರಂಟಿ. ಪಕ್ಕದ ಪಿರ್ಗಿಯಲ್ಲಿ ಇನ್ನೊಂದು ಬೆರಗು. ಕಪ್ಪು ಮರಳಿನ ಗಾರೆ ಮೇಲೆ ಸುಣ್ಣ ಬಳಿದು, ಅದು ಹಸಿ ಇರುವಾಗಲೇ ಕೆರೆದು, ಗೋಡೆ ತುಂಬ ತ್ರಿಕೋನ, ಚೌಕ, ವೃತ್ತ ಬಿಡಿಸುತ್ತಾರೆ. ಬೀದಿಗೆ ಬೀದಿಯೇ ಇಳಕಲ್ ಸೀರೆಯ ಅಂಚಿನ ಹಾಗೆ ಕಾಣುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಹೋದರೆ ಬಾಲ್ಕನಿಗಳಲ್ಲಿ ಪುಟ್ಟ ಟೊಮೆಟೊ ಸರಗಳು ತೂಗುತ್ತಿರುತ್ತವೆ.

ನೇಆ ಮೋನಿ ಮಠ ಬಿಡಬೇಡಿ. ಹನ್ನೊಂದನೇ ಶತಮಾನದ್ದು, ಬಂಗಾರದ ಹಿನ್ನೆಲೆಯ ಮೊಸಾಯಿಕ್ ಚಿತ್ರಗಳಿಗೆ ಪ್ರಸಿದ್ಧ. ಆದರೆ ಬಾಗಿಲ ಹತ್ತಿರದ ಚಿಕ್ಕ ಗುಡಿಯಲ್ಲಿ ಕಪಾಟಿನೊಳಗೆ ತಲೆಬುರುಡೆಗಳಿವೆ. 1822ರಲ್ಲಿ ಆಟೊಮನ್ ಸೇನೆ, ಅಂದರೆ ಆಗಿನ ಟರ್ಕಿ ಸುಲ್ತಾನನ ಸೇನೆ, ಇಲ್ಲಿ ಸಾವಿರಾರು ಜನರನ್ನು ಕೊಂದಿತು, ಸಾವಿರಾರು ಜನರನ್ನು ಗುಲಾಮರಾಗಿ ಮಾರಿತು. ಫ್ರೆಂಚ್ ಕಲಾವಿದ ಡೆಲಾಕ್ರ್ವಾ ಬರೆದ ದೊಡ್ಡ ಚಿತ್ರ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ, ಅದು ಇದೇ ಘಟನೆಯದು. ಮಾಸ್ಟಿಕ್ ಹಳ್ಳಿಗಳು ಮಾತ್ರ ಬಹುಮಟ್ಟಿಗೆ ಉಳಿದವು. ಸುಲ್ತಾನನ ಅರಮನೆಗೆ ಅಂಟು ಬೇಕಿತ್ತಲ್ಲ!

ಆಚರಣೆ ನೋಡಬೇಕೆಂದರೆ ಈಸ್ಟರ್‌ಗೆ ಹೋಗಿ. ಅವರ ಆರ್ಥೊಡಾಕ್ಸ್ ಈಸ್ಟರ್ ನಮ್ಮ ಕ್ಯಾಲೆಂಡರಿನ ಈಸ್ಟರ್ ದಿನವೇ ಬರುವುದು ಕಡಿಮೆ. 2027ರಲ್ಲಿ ಮೇ 2ಕ್ಕೆ. ವ್ರೊಂಟಾಡೋಸ್ ಊರಿನಲ್ಲಿ ಹಿಂದಿನ ರಾತ್ರಿ ಎರಡು ಚರ್ಚ್‌ನವರು ಒಬ್ಬರ ಗಂಟೆ ಗೋಪುರಕ್ಕೆ ಇನ್ನೊಬ್ಬರು ರಾಕೆಟ್ ಬಾಣ ಬಿಡುವ ಸಂಪ್ರದಾಯ ಪ್ರಸಿದ್ಧ. ಮನೆಗಳಿಗೆ ಹಾನಿ ಆಗುತ್ತದೆಂಬ ದೂರಿನಿಂದ ಕೆಲವು ವರ್ಷ ಅದು ನಿಂತಿದ್ದೂ ಉಂಟು. ಅದನ್ನೇ ನಂಬಿ ಹೋಗಬೇಡಿ. ನನ್ನ ಕೇಳಿದರೆ, ಶುಕ್ರವಾರ ರಾತ್ರಿ ಮೇಣದಬತ್ತಿ ಹಿಡಿದು ಹೊರಡುವ ಮೆರವಣಿಗೆಯೇ ಹೆಚ್ಚು ಮನಸ್ಸಿಗೆ ಹತ್ತಿರ.

ಊಟದ ಚಿಂತೆ ಬೇಡ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ‘ನಿಸ್ತೀಸಿಮೋ’ ಅಂತ ಕೇಳಿ. ಮಾಂಸ, ಮೊಟ್ಟೆ, ಹಾಲು ಇಲ್ಲದ ಅಡುಗೆ ಬರುತ್ತದೆ. ಆದರೆ ಹುಷಾರು, ಸೀಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತದೆ. ಟೊಮೆಟೊ ಹಾಕಿ ಬೇಯಿಸಿದ ದೊಡ್ಡ ಬಿಳಿ ಕಾಳು, ‘ಯಿಗಾಂದೆಸ್’, ಬ್ರೆಡ್ ಜೊತೆ ಹೊಟ್ಟೆ ತುಂಬುತ್ತದೆ. ಕಾಫಿ ಅಂಗಡಿಯಲ್ಲಿ ತಣ್ಣೀರಿನ ಲೋಟದೊಳಗೆ ಚಮಚದಲ್ಲಿ ಅದ್ದಿ ಕೊಡುವ ಮಾಸ್ಟಿಕ್ ಸಿಹಿಯನ್ನೂ ನೆಕ್ಕಿ ನೋಡಿ.

ಜುಲೈ, ಆಗಸ್ಟ್ ಬೇಡ. ಬಿಸಿಲು ಜಾಸ್ತಿ, ಕಾಡ್ಗಿಚ್ಚಿನ ಭಯವೂ ಇದೆ. 2012ರ ಬೆಂಕಿಯಲ್ಲಿ ಮಾಸ್ಟಿಕ್ ತೋಟಗಳೇ ಸುಟ್ಟವು. ಹಳ್ಳಿಗಳಿಗೆ ಬಸ್ಸು ಕಮ್ಮಿ, ಕಾರು ಬಾಡಿಗೆಗೆ ಹಿಡಿಯುವುದು ವಾಸಿ. ಮಗಳು ಜೊತೆಗಿದ್ದರೆ ಓಡಿಸುವ ಕೆಲಸ ಅವಳಿಗೇ ಬಿಡಿ, ಅಲ್ಲಿ ರಸ್ತೆಯ ಬಲಗಡೆ ಹೋಗಬೇಕು.

ಕೊನೆಗೆ ಒಂದು ಮಾತು. ಎದುರಿಗೇ ಕಾಣುತ್ತದಲ್ಲ ಅಂತ ದೋಣಿ ಹತ್ತಿ ಸುಮ್ನೆ ಚೆಶ್ಮೆಗೆ ಹೋಗಬೇಡಿ. ಟರ್ಕಿಗೆ ಬೇರೆ ವೀಸಾ ಬೇಕು. ಜರ್ಮನಿ, ಗ್ರೀಸ್ ಎರಡಕ್ಕೂ ನಡೆಯುವ ನಿಮ್ಮ ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾದರೆ ವಾಪಸು ಗ್ರೀಸ್‌ಗೂ ಬಿಡುವುದಿಲ್ಲ, ಜರ್ಮನಿಗೂ ಬಿಡುವುದಿಲ್ಲ. ಅರ್ಜಿ ಹಾಕುವಾಗಲೇ ಹಲವು ಪ್ರವೇಶದ ವೀಸಾ ಕೇಳಿ.

— ಸಂಪಾದಕ