ಕಲಬುರಗಿ ಬಿಸಿಲಿಗೆ ಮಾಳಿಗೆ ಮೇಲೆ ಹಸಿರು ಬೆಳೆಸಿದರೆ ಮನೆ ತಂಪಾಗುತ್ತಾ?

ಚಿಕ್ಕ ಮನೆಯಾದರೂ ತಂಪಾಗುತ್ತದೆ. ನಮ್ಮ ಕಡೆಯ ಹಳೇ ಮಣ್ಣಿನ ಮಾಳಿಗೆಗಳು ಮಾಡುತ್ತಿದ್ದುದೂ ಇದನ್ನೇ ಅಲ್ವಾ. ಆದರೆ ಮೊದಲು ಭಾರ ನೋಡಿ: 10 ಸೆಂ.ಮೀ. ದಪ್ಪದ ಮಣ್ಣು ನೆನೆದರೆ ಒಂದು ಚದರ ಮೀಟರಿಗೆ ಸುಮಾರು 150ರಿಂದ 200 ಕೆಜಿ ತೂಗುತ್ತದೆ, ಹಾಗಾಗಿ ಸ್ಲ್ಯಾಬ್ ಹಾಕುವ ಮುಂಚೆಯೇ ಎಂಜಿನಿಯರಿಗೆ ಹೇಳಿ ಲೆಕ್ಕ ಹಾಕಿಸಿ. ಹೊಲದ ಎರೆಮಣ್ಣು ಬೇಡವೇ ಬೇಡ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ನೀರೂ ಬೇಗ ಬಸಿಯಲ್ಲ. ಕೆಂಪು ಮಣ್ಣಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಬೆರೆಸಿ. ಅದರ ಕೆಳಗೆ, ಸ್ಲ್ಯಾಬ್‌ನಿಂದ ಮೇಲಕ್ಕೆ ಒಂದರ ಮೇಲೊಂದು, ವಾಟರ್‌ಪ್ರೂಫಿಂಗ್, ಬೇರು ತಡೆಯುವ ಹಾಳೆ, ಜಲ್ಲಿ. ಮಣ್ಣು ಸುರಿಯುವ ಮುಂಚೆ 48 ಗಂಟೆ ನೀರು ನಿಲ್ಲಿಸಿ ಸೋರುತ್ತಾ ನೋಡಿ, ಆಮೇಲೆ ಎಲ್ಲ ಅಗೆಯೋದು ಯಾರಿಗೆ ಬೇಕು! ಲಾನ್ ಆಸೆ ಬಿಡಿ, ಮೇ ತಿಂಗಳ ಬಿಸಿಲಿಗೆ ನೀರು ಹಾಕಿ ಹಾಕಿ ಸಾಕಾಗುತ್ತದೆ. ಲೋಳೆಸರ, ಟೇಬಲ್ ರೋಸ್ ನೆಡಿ.