ದುಂಡು ತುದಿಯ ಅಕ್ಷರಗಳು ಎಲ್ಲಿಗೆ ಒಪ್ಪುತ್ತವೆ?

ಪ್ರಶ್ನೆ: ಮಕ್ಕಳಿಗಾಗಿ ಒಂದು ಕಿರುಪುಸ್ತಕವನ್ನು ಸಿದ್ಧಪಡಿಸುತ್ತಿದ್ದೇವೆ. ತುದಿಗಳೆಲ್ಲ ದುಂಡಗಿರುವ, ದಪ್ಪನೆಯ, ತುಸು ತುಂಟತನದ ಫಾಂಟ್ ಒಂದು ಮುಖಪುಟದಲ್ಲಿ ಬಹಳ ಚೆಲುವಾಗಿ ಕಂಡಿತು. ಅದನ್ನೇ ಒಳಪುಟಗಳಿಗೂ ಬಳಸಿದಾಗ ಓದುವುದೇ ಕಷ್ಟವಾಯಿತು. ಇದಕ್ಕೆ ಕಾರಣವೇನು?

ಉತ್ತರ: ನೀವು ಆರಿಸಿರುವುದು ಶೀರ್ಷಿಕೆಗೆಂದೇ ರೂಪಿಸಿದ ಅಕ್ಷರಶೈಲಿ. ಗೆರೆಗಳು ದಪ್ಪವಾದಷ್ಟೂ ಅಕ್ಷರದೊಳಗಿನ ಬಿಳಿಯ ಜಾಗ ಕಿರಿದಾಗುತ್ತದೆ; ದೊಡ್ಡ ಗಾತ್ರದಲ್ಲಿ ಅಂದವಾಗಿ ಕಾಣುವ ಆ ಕಿರಿದಾದ ಜಾಗ ಸಣ್ಣ ಗಾತ್ರದಲ್ಲಿ ಮುಚ್ಚಿಹೋಗುತ್ತದೆ. ‘ರ’ ಮತ್ತು ‘ಠ’ಗಳ ನಡುವಿನ ವ್ಯತ್ಯಾಸವನ್ನು ಒಂದು ಚುಕ್ಕೆಯೂ, ‘ಪ’ ಮತ್ತು ‘ಷ’ಗಳ ನಡುವಿನದನ್ನು ಒಂದು ಕಿರುಗೆರೆಯೂ ಹೊತ್ತಿರುವಾಗ, ಓದಲು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಈ ನಷ್ಟ ಸಣ್ಣದಲ್ಲ. ಒತ್ತಕ್ಷರಗಳ ಪಾಡು ಇನ್ನೂ ಕಷ್ಟ.

ಸಾಮಾನ್ಯ ಅಕ್ಷರದ ಮೂಲೆಗಳನ್ನು ದುಂಡಗೆ ಮಾಡಿಬಿಟ್ಟರೆ ಇಂಥ ಶೈಲಿ ಸಿದ್ಧವಾಗುತ್ತದೆ ಎಂಬ ಭಾವನೆ ಹಲವರಲ್ಲಿದೆ, ಅದು ನಿಜವಲ್ಲ. ಚಪ್ಪಟೆ ತುದಿಯ ಗೆರೆಯೂ ದುಂಡು ತುದಿಯ ಗೆರೆಯೂ ಅಳತೆಯಲ್ಲಿ ಒಂದೇ ಆಗಿದ್ದರೂ ಎರಡನೆಯದು ಕಣ್ಣಿಗೆ ಗಿಡ್ಡವಾಗಿ ಕಾಣುವುದರಿಂದ, ವಿನ್ಯಾಸಕಾರರು ಅದನ್ನು ಸಾಲಿನ ಮಿತಿಯಿಂದ ಕೂದಲೆಳೆಯಷ್ಟು ಹೊರಚಾಚುತ್ತಾರೆ. ಎರಡು ಗೆರೆಗಳು ಕೂಡುವಲ್ಲಿ ಕಪ್ಪು ಗಡ್ಡೆಗಟ್ಟಿದಂತೆ ತೋರದಿರಲು ಗೆರೆಯನ್ನು ತೆಳುವಾಗಿಸುತ್ತಾರೆ. ನೇರಗೆರೆಗೆ ಅರ್ಧವೃತ್ತವನ್ನು ಥಟ್ಟನೆ ಜೋಡಿಸಿದರೆ ತುದಿ ಊದಿಕೊಂಡಂತೆ ಕಾಣುತ್ತದೆ. ಆದ್ದರಿಂದ ಬಾಗು ಸ್ವಲ್ಪ ಮೊದಲೇ, ಮೆಲ್ಲಗೆ ಆರಂಭವಾಗಬೇಕು. ತುಂಟತನಕ್ಕೂ ಶಿಸ್ತು ಬೇಕು: ಒಂದೇ ಅಕ್ಷರ ವಾಲಿದ್ದರೆ ಅದು ತಪ್ಪಿನಂತೆ ಕಾಣುತ್ತದೆ, ಅದೇ ವಾಲುವಿಕೆ ಹಲವು ಅಕ್ಷರಗಳಲ್ಲಿ ಮರುಕಳಿಸಿದರೆ ಶೈಲಿಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಒಳ್ಳೆಯ ಫಾಂಟನ್ನು ಗುರುತಿಸುವ ಮುಖ್ಯ ಲಕ್ಷಣ ಇದೇ.

ದುಂಡು ತುದಿ ಬರಿಯ ಅಲಂಕಾರವಲ್ಲ. ತಿರುಗುವ ಮೊನೆಯಿಂದ ಲೋಹದ ಫಲಕಗಳ ಮೇಲೆ ಅಕ್ಷರ ಕೊರೆಯುವ ಯಂತ್ರಗಳಲ್ಲಿ ಗೆರೆಯ ಕೊನೆ ತಾನಾಗಿಯೇ ದುಂಡಗಾಗುತ್ತಿತ್ತು. ಫೋಕ್ಸ್‌ವ್ಯಾಗನ್ ಕಂಪನಿಗಾಗಿ ರೂಪುಗೊಂಡು 1979ರಲ್ಲಿ ಬಂದ ‘ವಿಎಜಿ ರೌಂಡೆಡ್’ ಎಂಬ ದುಂಡು ತುದಿಯ ಫಾಂಟ್ ಮುಂದೆ ಆ್ಯಪಲ್ ಕೀಲಿಮಣೆಗಳ ಮೇಲೂ ಕಾಣಿಸಿಕೊಂಡಿತು. ಮೈಕ್ರೋಸಾಫ್ಟ್‌ನ ವಿನ್ಸೆಂಟ್ ಕೊನೇರ್ 1994ರಲ್ಲಿ ರೂಪಿಸಿದ ‘ಕಾಮಿಕ್ ಸ್ಯಾನ್ಸ್’ ಫಾಂಟ್ ಕಾರ್ಟೂನ್ ಪಾತ್ರದ ಮಾತಿಗೆಂದು ಹುಟ್ಟಿದ್ದು. ಗಂಭೀರ ಪ್ರಕಟಣೆಗಳಿಗೂ ಅದನ್ನು ಬಳಸಿದ್ದರಿಂದಲೇ ಅದು ಬಹಳಷ್ಟು ಟೀಕೆಗೆ ಗುರಿಯಾಯಿತು.

ಆದ್ದರಿಂದ ಪುಸ್ತಕದ ಹೆಸರು, ಅಧ್ಯಾಯಗಳ ಶೀರ್ಷಿಕೆ, ಚಿತ್ರದೊಳಗಿನ ಉದ್ಗಾರ, ಇಷ್ಟಕ್ಕೆ ಆ ಫಾಂಟನ್ನು ಧಾರಾಳವಾಗಿ ಬಳಸಿ. ಕಥೆಯ ಪಠ್ಯಕ್ಕೆ ಒಳಜಾಗ ತೆರೆದಿರುವ, ಗೆರೆ ತೆಳುವಾಗಿರುವ ಸರಳ ಫಾಂಟ್ ಇರಲಿ. ಶೀರ್ಷಿಕೆಗಳಿಗೂ ಚಿಕ್ಕ ಸಾಲುಗಳಿಗೂ ಒಂದೇ ಕುಟುಂಬದ ಅಕ್ಷರ ಬೇಕೆಂದಿದ್ದರೆ, ಏಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ 2’ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಸಾಧಾರಣದಿಂದ ಅತಿ ದಪ್ಪದವರೆಗೆ ಐದು ತೂಕಗಳಿವೆ. ಆದರೆ ಅದರ ಹಗುರ ರೂಪವನ್ನೂ ಕಥೆಯ ಪಠ್ಯಕ್ಕೆ ಬಳಸದೆ ಚಿತ್ರಗಳ ಅಡಿಬರಹದಂಥ ಚಿಕ್ಕ ಸಾಲುಗಳಿಗೆ ಮಾತ್ರ ಇರಿಸಿಕೊಳ್ಳಿ. ಅಂತಿಮವಾಗಿ ಒಪ್ಪುವ ಮೊದಲು ಒಂದು ಪುಟವನ್ನು ನಿಜಗಾತ್ರದಲ್ಲಿ, ಪುಸ್ತಕಕ್ಕೆ ಬಳಸುವ ಕಾಗದದ ಮೇಲೆಯೇ ಮುದ್ರಿಸಿ ನೋಡಿ. ಶಾಯಿ ಹರಡಿ ‘ಠ’ದ ಚುಕ್ಕೆ ಮುಚ್ಚಿಹೋಗುವುದು ಪರದೆಯ ಮೇಲೆ ಕಾಣುವುದಿಲ್ಲ.