ಉತ್ತರ: ತಳೇಗಾಂವ್‌ನ ಥರೋಬ್ರೆಡ್ ಸ್ಟಾಲಿಯನ್ ಬೀಜಕ್ಕೆ ಬಿಡಬಹುದೇ?

ಸರ್, ನಿಮ್ಮ ಪೋಸ್ಟ್, ಫೋಟೋ, ಎರಡೂ ವಿಡಿಯೋ ಪೂರ್ತಿ ನೋಡಿದೆ. ರೇಸ್ ಬಿಟ್ಟು ಬಂದ ಥರೋಬ್ರೆಡ್ (ರೇಸ್ ತಳಿ) ಸ್ಟಾಲಿಯನ್, ಅಂದರೆ ಬೀಜ ತೆಗೆಸದ ಗಂಡು ಕುದುರೆ, ಆರು ವರ್ಷ, ಎತ್ತರ 16.1 ಹ್ಯಾಂಡ್ (ಸುಮಾರು 165 ಸೆಂ.ಮೀ.), ಜಿಗಿತದ ಶೈಲಿಗೆ ಅಂಕ ಕೊಡುವ ಹಂಟರ್ ಕ್ಲಾಸ್‌ಗಳಲ್ಲಿ ರಿಬ್ಬನ್. ಈ ಸೀಸನ್ನಿಗೆ ಹನ್ನೆರಡು ಮೇರ್ (ಹೆಣ್ಣು ಕುದುರೆ) ಕವರ್ (ಕೂಡಿಕೆ) ಮಾಡಿಸುತ್ತೀರಿ, ಫೀ ಎಷ್ಟು ಇಡಲಿ ಅಂತ ಕೇಳಿದ್ದೀರಿ. ಕೆಳಗೆ ಎಲ್ಲರೂ "ಸೂಪರ್ ಸರ್" ಅಂತ ಹಾಕಿದ್ದಾರೆ. ಈ ಗುಂಪಿನಲ್ಲಿ ರಿಬ್ಬನ್ ನೋಡಿಯೇ ಬೀಜಕ್ಕೆ ಬಿಡುವ ತಪ್ಪು ವರ್ಷಾ ವರ್ಷಾ ಮರುಕಳಿಸುತ್ತಿದೆ, ಅದಕ್ಕೆ ಉದ್ದ ಬರೆಯುತ್ತಿದ್ದೇನೆ. ಬೇಜಾರಾಗಬೇಡ್ರಿ.

ರಿಬ್ಬನ್‌ನಲ್ಲಿ ಸವಾರ, ಟ್ರೇನರ್, ಸೈಸ್ (ಕುದುರೆ ನೋಡಿಕೊಳ್ಳುವವನು) ಎಲ್ಲರ ಪಾಲೂ ಇರುತ್ತದೆ. ಮರಿಗೆ ಇಳಿಯುವುದು ಕುದುರೆ ಹುಟ್ಟುವಾಗ ತಂದದ್ದು ಮಾತ್ರ. ಆಪೂಸ್ ಹಣ್ಣು ಸಿಹಿ ಇದೆ ಅಂತ ಗೊರಟೆ ಊರಿದರೆ ಅದೇ ಹಣ್ಣು ಬರುವುದಿಲ್ಲವಲ್ಲ, ಹಾಗೆ. ಆದ್ದರಿಂದ ಕಲಿಸಿದ್ದು ಯಾವುದು, ಹುಟ್ಟಿನದು ಯಾವುದು ಅಂತ ಮೊದಲು ಬೇರೆ ಮಾಡಬೇಕು. ಅದಕ್ಕೆ ಬೆನ್ನ ಮೇಲೆ ಸವಾರ ಇರಬಾರದು.

ನಿಮ್ಮ ಆಕ್ಸರ್ (ಜೋಡಿ ಪೋಲ್ ಇಟ್ಟ ಅಗಲದ ಫೆನ್ಸ್) ಹಾರುವ ಫೋಟೋ ದೊಡ್ಡದು ಮಾಡಿ ನೋಡ್ರಿ. ಬಲಗಾಲಿನ ಮಂಡಿ ಚೆನ್ನಾಗಿ ಮೇಲಿದೆ, ಎಡ ಮಂಡಿ ಅದಕ್ಕಿಂತ ನಾಲ್ಕು ಬೆರಳು ಕೆಳಗಿದೆ. ಅದು ಒಂದು ಕ್ಷಣದ ಫೋಟೋ ಇರಬಹುದು, ಎಡ ಭುಜದ ನೋವಿರಬಹುದು, ಇಲ್ಲವೇ ಅವನ ಜಿಗಿತವೇ ಹಾಗಿರಬಹುದು. ಮೂರರಲ್ಲಿ ಯಾವುದು ಅಂತ ಗೊತ್ತಾಗುವವರೆಗೆ ಒಂದು ಮೇರ್‌ ಹತ್ತಿರವೂ ಬಿಡಬೇಡ್ರಿ.

ಗೊತ್ತು ಮಾಡಿಕೊಳ್ಳಲು ಫ್ರೀ ಜಂಪಿಂಗ್‌ನಷ್ಟು ಒಳ್ಳೆಯ ದಾರಿ ಬೇರೆ ಇಲ್ಲ. ಜರ್ಮನಿ, ಹಾಲೆಂಡ್‌ನಲ್ಲಿ ಎಳೆಯ ಸ್ಟಾಲಿಯನ್‌ಗಳನ್ನು ಆರಿಸುವಾಗಲೂ ಸವಾರ ಇಲ್ಲದೆ ಹಾರಿಸಿಯೇ ನೋಡುತ್ತಾರೆ. ಅರೇನಾದ ಗೋಡೆ ಬದಿಗೆ ಸುಮಾರು 3 ಮೀಟರ್ ಅಗಲದ ಓಣಿ ಕಟ್ಟಿರಿ. ಮೊದಲು ನೆಲದ ಮೇಲೊಂದು ಪೋಲ್, ಅಲ್ಲಿಂದ ಎರಡೂವರೆ ಮೀಟರ್‌ಗೆ ಸಣ್ಣ ಕ್ರಾಸ್ (X ಆಕಾರದಲ್ಲಿಟ್ಟ ಎರಡು ಪೋಲ್). ಕ್ರಾಸ್‌ನಿಂದ ಸುಮಾರು 6.5 ಮೀಟರ್‌ಗೆ ವರ್ಟಿಕಲ್ (ಅಗಲವಿಲ್ಲದ ನೆಟ್ಟಗಿನ ಫೆನ್ಸ್), ಅಲ್ಲಿಂದ 7 ಮೀಟರ್‌ಗೆ ಆಕ್ಸರ್. ಇದು ಶುರುವಿನ ಲೆಕ್ಕ ಅಷ್ಟೇ, ಅವನ ಸ್ಟ್ರೈಡ್ (ಓಟದ ಒಂದು ದಾಪು) ನೋಡಿ ಗೇಣು ಆಚೆ ಈಚೆ ಮಾಡಿಕೊಳ್ಳಿರಿ. ಆಕ್ಸರ್ 80 ಸೆಂ.ಮೀ.ಯಿಂದ ಶುರು ಮಾಡಿ, ನಿಧಾನಕ್ಕೆ 110ರವರೆಗೆ. ಒಟ್ಟು ಹತ್ತು ಸಲಕ್ಕಿಂತ ಹೆಚ್ಚು ಹಾರಿಸಬೇಡ್ರಿ. ದಣಿದ ಕುದುರೆಯ ಶೈಲಿ ನೋಡಿ ಏನೂ ತಿಳಿಯುವುದಿಲ್ಲ. ಚಾಬೂಕು ಸದ್ದು ಮಾಡುವವನನ್ನು ಓಣಿಯ ಹತ್ತಿರವೂ ನಿಲ್ಲಿಸಬೇಡ್ರಿ. ಹೆದರಿ ಹಾರಿದ್ದು ಲೆಕ್ಕಕ್ಕಿಲ್ಲ.

ಹಿಂಗಾಲಿಗೆ ಬೂಟ್ ಬೇಡವೇ ಬೇಡ. ಮುಂಗಾಲಿಗೆ ಟೆಂಡನ್ ಬೂಟ್ ಇರಲಿ, ಅದು ರಕ್ಷಣೆಗೆ. ಹಿಂದಿನ ಬಿಗಿ ಬೂಟ್ ಹಾಕಿದರೆ ಕುದುರೆ ಹಿಂಗಾಲನ್ನು ಬೇಕಾದ್ದಕ್ಕಿಂತ ಮೇಲಕ್ಕೆ ಎಸೆಯುತ್ತದೆ, ನೋಡುವವರು ಅದನ್ನೇ ಪ್ರತಿಭೆ ಅಂದುಕೊಳ್ಳುತ್ತಾರೆ. ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಕ್ರೀಡಾ ಒಕ್ಕೂಟ) ಆ ಬೂಟ್‌ಗಳಿಗೆ ಹಂತ ಹಂತವಾಗಿ ಕಡಿವಾಣ ಹಾಕಿ, 2021ರಿಂದ ಎಲ್ಲ ಅಂತರರಾಷ್ಟ್ರೀಯ ಜಂಪಿಂಗ್‌ಗೂ ನಿಯಮ ತಂದದ್ದು ಸುಮ್ಮನೆ ಅಲ್ಲ. ನಿಮ್ಮ ಎರಡನೇ ವಿಡಿಯೋದಲ್ಲಿ ಹಿಂದೆ ಕಪ್ಪು ಬೂಟ್ ಕಾಣುತ್ತಿದೆ. ಅದನ್ನು ಬಿಚ್ಚಿ ಮತ್ತೆ ವಿಡಿಯೋ ಹಾಕ್ರಿ.

ಫೋನ್‌ನ ಸ್ಲೋ ಮೋಷನ್ 240 ಫ್ರೇಮ್‌ಗೆ ಇಟ್ಟು ಟ್ರೈಪಾಡ್ ಮೇಲೆ ನಿಲ್ಲಿಸಿರಿ. ಆಕ್ಸರ್‌ನ ನೇರ ಪಕ್ಕದಲ್ಲಿ, ಎಂಟು ಹತ್ತು ಮೀಟರ್ ದೂರ, ಮೇಲಿನ ಪೋಲ್‌ನ ಎತ್ತರಕ್ಕೆ. ಇನ್ನೊಂದು ಫೋನ್ ಎದುರಿನಿಂದ. ಆಮೇಲೆ ವಿಡಿಯೋವನ್ನು ಮೂರು ಕಡೆ ನಿಲ್ಲಿಸಿ ನೋಡ್ರಿ. ಟೇಕ್ ಆಫ್‌ನಲ್ಲಿ ಭುಜ ಮೊದಲು ಏಳಬೇಕು, ತಲೆ ಎತ್ತಿ ಎಳೆದುಕೊಂಡು ಏಳಬಾರದು. ನಡು ಹಾರಿಕೆಯಲ್ಲಿ ಮುಂಗಾಲಿನ ಮಂಡಿಯಿಂದ ಮೇಲಿನ ಭಾಗ ನೆಲಕ್ಕೆ ಸಮ ಅಥವಾ ಅದಕ್ಕಿಂತ ಮೇಲೆ, ಎರಡೂ ಮಂಡಿ ಒಂದೇ ಮಟ್ಟ, ವಿದರ್ಸ್ (ಭುಜದ ಮೇಲಿನ ಉಬ್ಬು) ಎಲ್ಲಕ್ಕಿಂತ ಎತ್ತರ, ಕತ್ತು ಮುಂದಕ್ಕೆ ಕೆಳಕ್ಕೆ ಚಾಚಿರಬೇಕು. ಇಳಿದ ಮೇಲೆ ಮೊದಲ ಎರಡು ಸ್ಟ್ರೈಡ್‌ನ ಲಯ ಹಾರುವ ಮುಂಚಿನದೇ ಇರಬೇಕು. ಎದುರಿನ ವಿಡಿಯೋದಲ್ಲಿ ಪ್ರತಿ ಸಲವೂ ಒಂದೇ ಕಡೆಗೆ ಜಾರುತ್ತಿದ್ದರೆ ನೋವು ಹುಡುಕಿಸಿರಿ.

ಒಂದಡಿ ಮೇಲೆ ಹಾರಿದ ಅಂತ ಚಪ್ಪಾಳೆ ಹೊಡೆಯುತ್ತಾರೆ. ಬೆನ್ನು ಹಲಗೆಯಂತೆ ನೆಟ್ಟಗಿಟ್ಟು ಒಂದಡಿ ಮೇಲೆ ಹಾರಿದ್ದು ಹಂಟರ್‌ಗೆ ಗುಣ ಅಲ್ಲ, ಅದು ಗಾಬರಿ. ಕೊನೆಯ ಎರಡು ಸುತ್ತಿಗೆ ಅಂತರವನ್ನು 30 ಸೆಂ.ಮೀ. ಕಡಿಮೆ ಮಾಡಿ ನೋಡ್ರಿ. ಒಳ್ಳೆಯವನು ಹಿಂಗಾಲ ಮೇಲೆ ಕೂತು, ಸ್ಟ್ರೈಡ್ ಚಿಕ್ಕದು ಮಾಡಿ, ಅದೇ ಮುಖಭಾವದಲ್ಲಿ ಹಾರುತ್ತಾನೆ. ಆ ಬುದ್ಧಿ ಯಾರೂ ಕಲಿಸಿದ್ದಲ್ಲ, ನನ್ನ ಲೆಕ್ಕದಲ್ಲಿ ಮರಿಗೆ ಬೇಕಾಗಿರುವುದು ಅದೇ.

ಸವಾರನೊಂದಿಗೆ ಒಂದೇ ಪರೀಕ್ಷೆ ಸಾಕು: 60 ಅಡಿ ಅಂತರಕ್ಕೆ ಎರಡು ಸಣ್ಣ ಫೆನ್ಸ್. 12 ಅಡಿಯ ನಾಲ್ಕು ಸ್ಟ್ರೈಡ್, ಉಳಿದ 12 ಅಡಿ ಇಳಿಯಲು ಮತ್ತು ಮತ್ತೆ ಏಳಲು. ತಳ್ಳದೆ, ಎಳೆಯದೆ ಸಡಿಲ ಲಗಾಮಿನಲ್ಲಿ ನಾಲ್ಕೇ ಹಾಕಬೇಕು. ಲೀಡ್ ಚೇಂಜ್‌ನಲ್ಲಿ (ಓಡುತ್ತಲೇ ಮುಂದಿಡುವ ಕಾಲು ಬದಲಿಸುವಾಗ) ಹಿಂಗಾಲು ತಡ ಮಾಡುತ್ತದೆಯೇ ಅಂತಲೂ ಆಗಲೇ ಕಾಣುತ್ತದೆ.

ನಡಿಗೆಗೆ ಮರಳು ಅರೇನಾ ಬಿಡ್ರಿ, ಮೆತ್ತನೆ ನೆಲ ಎಲ್ಲವನ್ನೂ ಮುಚ್ಚುತ್ತದೆ. ಗಟ್ಟಿ ಸಮತಟ್ಟು ನೆಲದಲ್ಲಿ, ಲಾಳ ಹೊಡೆದು ಹತ್ತು ದಿನ ಆದಮೇಲೆ, ಕೈಯಲ್ಲಿ ಹಿಡಿದು ಟ್ರಾಟ್ (ನಿಧಾನ ಓಟ). ಹಂಟರ್‌ಗೆ ಭುಜದಿಂದ ಬರುವ ಉದ್ದನೆ, ತಗ್ಗಿನ ಹೆಜ್ಜೆ ಬೇಕು, ಮಂಡಿ ಎತ್ತಿ ಕುಟ್ಟುವುದಲ್ಲ. ಮಾರವಾಡಿ ತಳಿಯ ಜೊತೆ ಬೆರಕೆ ಮಾಡುವ ಬಗ್ಗೆ ಕೇಳುವವರಿಗೂ ಇದೇ ಉತ್ತರ. ಆ ತಳಿಯ ಎತ್ತರದ ನಡಿಗೆ, ರೇವಾಲ್ ಚಾಲ್ ಎಂಬ ವಿಶೇಷ ನಡಿಗೆ ಅದರದೇ ಚೆಂದ. ಮಹಾರಾಷ್ಟ್ರದ ಸಾರಂಗಖೇಡಾ ಕುದುರೆ ಜಾತ್ರೆಯಲ್ಲಿ ಅದಕ್ಕೇ ಬೆಲೆ. ಹಂಟರ್ ರಿಂಗ್‌ನಲ್ಲಿ ಮಾತ್ರ ಅದೇ ಅಂಕ ಕಳೆಯುತ್ತದೆ.

ಮೊಣಕೈ ಮತ್ತು ಪಕ್ಕೆಲುಬಿನ ನಡುವೆ ಮುಷ್ಟಿ ಹೋಗಬೇಕು, ಹೋಗದಿದ್ದರೆ ಭುಜ ಎಷ್ಟು ಇಳಿಜಾರಿದ್ದರೂ ಮುಂಗಾಲು ಬಿಡಿಸಿಕೊಳ್ಳುವುದಿಲ್ಲ. ಮಂಡಿ ಹಿಂದಕ್ಕೆ ಬಾಗಿದವನು ಬೇಡ, ಸ್ವಲ್ಪ ಮುಂದಕ್ಕೆ ಬಾಗಿದ್ದರೆ ನಾನು ಕ್ಷಮಿಸುತ್ತೇನೆ. ಮಂಡಿಯ ಕೆಳಗೆ ಟೇಪ್ ಸುತ್ತಿ ಅಳೆಯಿರಿ, ಈ ಎತ್ತರಕ್ಕೆ ಎಂಟು ಇಂಚಿಗಿಂತ ಕಡಿಮೆ ಬಂದರೆ ಯೋಚಿಸಬೇಕು. ಎರಡು ಮುಂಗೊರಸು ಒಂದೇ ಅಳತೆ ಇವೆಯೇ? ಒಂದು ನೆಟ್ಟಗೆ, ಒಂದು ಚಪ್ಪಟೆ ಇದ್ದರೆ ಲಾಳ ಹೊಡೆಯುವ ನಾಲಬಂದ್‌ನನ್ನು ಬೈಯುವ ಮೊದಲು ಎಕ್ಸ್‌ರೇ ತೆಗೆಸಿರಿ.

ಎಕ್ಸ್‌ರೇ ಅಂದರೆ ಬರೀ ಕುಂಟುವ ಕಾಲಿನದಲ್ಲ. ನಾಲ್ಕೂ ಫೆಟ್‌ಲಾಕ್ (ಗೊರಸಿಗಿಂತ ಮೇಲಿನ ಕೀಲು), ಎರಡೂ ಹಾಕ್ (ಹಿಂಗಾಲಿನ ನಡು ಕೀಲು), ಎರಡೂ ಸ್ಟೈಫಲ್ (ಹಿಂಗಾಲಿನ ಮೇಲಿನ ಮಂಡಿ), ಮುಂಗೊರಸಿನ ನ್ಯಾವಿಕ್ಯುಲರ್ ಎಲುಬು. ಓಸಿಡಿ ಚಿಪ್ (ಬೆಳವಣಿಗೆಯ ದೋಷದಿಂದ ಕೀಲಿನಲ್ಲಿ ಬಿಡುವ ಚೂರು) ಆಪರೇಶನ್ ಮಾಡಿಸಿ ತೆಗೆದ ಕಾಗದ ಇದ್ದರೆ ಮುಚ್ಚಿಡಬೇಡ್ರಿ. ಅವನ ಕೀಲು ಸರಿಯಾಗಿದೆ, ವಂಶದ ಒಲವು ಹಾಗೇ ಇದೆ. ಇಂಗ್ಲೆಂಡಿನಲ್ಲಿ 1885ರಲ್ಲಿ ಶುರುವಾದ ಹಂಟರ್ಸ್ ಇಂಪ್ರೂವ್‌ಮೆಂಟ್ ಸೊಸೈಟಿ ಥರೋಬ್ರೆಡ್ ಸ್ಟಾಲಿಯನ್‌ಗಳಿಗೆ ಪ್ರೀಮಿಯಂ (ಪ್ರೋತ್ಸಾಹ ಧನ) ಕೊಡುವಾಗ ವಂಶದಲ್ಲಿ ಇಳಿಯುವ ದೋಷ ಇಲ್ಲ ಅಂತ ಪಶುವೈದ್ಯರಿಂದ ನೋಡಿಸುತ್ತಿತ್ತು. ಅಷ್ಟು ಹಿಂದೆಯೇ ಅವರಿಗೆ ಅರ್ಥವಾದದ್ದು ನಮಗೆ ಇನ್ನೂ ಯಾಕೆ ಆಗಿಲ್ಲ?

ರೇಸ್ ಕುದುರೆಗೆ ಒಂದು ಅನುಕೂಲ ಇದೆ, ದಾಖಲೆ ಇರುತ್ತದೆ. ಮುಂಬೈನ ಮಹಾಲಕ್ಷ್ಮಿ, ಪುಣೆ ಎಲ್ಲಿ ಓಡಿದ್ದರೂ ಎಷ್ಟು ಸ್ಟಾರ್ಟ್, ನಡುವೆ ಎಷ್ಟು ತಿಂಗಳ ಖಾಲಿ, ಕೊನೆಗೆ ಯಾಕೆ ನಿಲ್ಲಿಸಿದರು ಅಂತ ತೆಗೆಯಿರಿ. ಮೂಗಿನಲ್ಲಿ ರಕ್ತ ಬಂದಿದ್ದು ಇದೆಯೇ? ಅದರಲ್ಲೂ ವಂಶದ ಪಾಲಿದೆ. ಗಂಟಲಿಗೆ ಎಂಡೋಸ್ಕೋಪ್ ಹಾಕಿಸಿ ಎಡಭಾಗ ಪೂರ್ತಿ ತೆರೆಯುತ್ತದೆಯೇ ನೋಡಿಸಿರಿ, ಕ್ಯಾಂಟರ್‌ನಲ್ಲಿ (ನಡು ವೇಗದ ಓಟ) ಉಸಿರು ಒಳಗೆಳೆಯುವಾಗ ಸದ್ದು ಮಾಡುವವನನ್ನು ಬೀಜಕ್ಕೆ ಇಡಬೇಡ್ರಿ. ಅವನ ತಾಯಿಯ ಬೇರೆ ಮರಿಗಳು ಎಷ್ಟು ವರ್ಷ ಕಾಲು ಉಳಿಸಿಕೊಂಡವು ಅನ್ನುವುದು ನಿಮ್ಮ ಎಲ್ಲಾ ರಿಬ್ಬನ್‌ಗಿಂತ ದೊಡ್ಡ ಸುದ್ದಿ.

ಮುಂಬೈ, ಗೋವಾದವರು ಇದನ್ನು ಎರಡು ಸಲ ಓದ್ರಿ: ಬೆವರು. ಏಪ್ರಿಲ್ ಮೇ ಸೆಕೆಯಲ್ಲಿ ಕೆಲಸ ಆದಮೇಲೆ ಮೈ ಒಣಗಿಯೇ ಇದ್ದು, ಸ್ಯಾಡಲ್ ಅಡಿ, ಜೂಲಿನ ಬುಡದಲ್ಲಿ ಮಾತ್ರ ಒದ್ದೆಯಾಗಿ, ಅರ್ಧ ಗಂಟೆಯಾದರೂ ಮೂಗಿನ ಹೊಳ್ಳೆ ಅರಳಿಸಿ ಏದುಸಿರು ಬಿಡುತ್ತಿದ್ದರೆ ಅದು ಅನ್‌ಹೈಡ್ರೋಸಿಸ್. ಕೆಲವು ಕುಟುಂಬಗಳಲ್ಲಿ ಹೆಚ್ಚು ಕಾಣುತ್ತದೆ. ಟರ್ಬುಟಲೀನ್ ಚುಚ್ಚಿ ಮಾಡುವ ಬೆವರಿನ ಪರೀಕ್ಷೆ ಇದೆ, ಡಾಕ್ಟರ್ ಹತ್ತಿರ ಕೇಳ್ರಿ. ಕರಾವಳಿಯಲ್ಲಿ ಬೆವರದ ಸ್ಟಾಲಿಯನ್ನಿನ ಮರಿ ಮಾರಾಟ ಮಾಡಿದರೆ ಕೊಂಡವರ ಮಗು ಆ ಕುದುರೆ ಮೇಲೆ ಕೂತಿರುತ್ತದೆ.

ಸ್ವಭಾವ ಅಳೆಯುವುದು ಬೆಳಗ್ಗೆ, ಹಿಂದಿನ ದಿನ ರಜೆ ಕೊಟ್ಟು, ಲಂಜ್ ಮಾಡದೆ (ಉದ್ದ ಹಗ್ಗದಲ್ಲಿ ಸುತ್ತು ಓಡಿಸದೆ). ಓಟ್ಸ್ ಕಡಿಮೆ ಮಾಡಿ ತೋರಿಸುವುದೂ ಮೋಸವೇ. ಮೇರ್ ಇರುವ ಬೇರೆ ಕ್ಲಬ್‌ಗೆ ಕರೆದುಕೊಂಡು ಹೋಗಿ, ಬೇರೆ ಸೈಸ್ ಕೈಗೆ ಕೊಟ್ಟು ನಿಲ್ಲಿಸಿರಿ. ಕೂಗಲಿ ಪರವಾಗಿಲ್ಲ, ಒಂದು ಮಾತಿಗೆ ಕಿವಿ ಈ ಕಡೆ ತಿರುಗಬೇಕು. ಕಚ್ಚುವವನನ್ನು "ಗಂಡು ಅಂದಮೇಲೆ ಹಾಗೇ" ಅಂತ ಸಮರ್ಥಿಸುವವರು ದಯವಿಟ್ಟು ಬ್ರೀಡಿಂಗ್‌ಗೆ ಕೈ ಹಾಕಬೇಡ್ರಿ.

ಸಮಾಧಾನಕ್ಕೆ ಏಸ್‌ಪ್ರೊಮಜಿನ್ ಕೊಡುವವರು ಈ ಗುಂಪಿನಲ್ಲೇ ಇದ್ದಾರೆ. ಸ್ಟಾಲಿಯನ್‌ಗೆ ಅದು ಅಪಾಯ, ಲಿಂಗ ಒಳಗೆ ಹೋಗದೆ ಹೊರಗೇ ಉಳಿದು ಶಾಶ್ವತವಾಗಿ ಕೆಡಬಹುದು. ರೆಗ್ಯುಮೇಟ್ (ಮೇರ್‌ಗಳಿಗೆ ಕೊಡುವ ಹಾರ್ಮೋನ್) ಕೊಟ್ಟು ಶಾಂತ ಮಾಡಿದರೆ ವೀರ್ಯ ಕುಗ್ಗುತ್ತದೆ. ಕುತ್ತಿಗೆ ದಪ್ಪ ಕಾಣಲಿ ಅಂತ ಟೆಸ್ಟೋಸ್ಟಿರಾನ್, ಬೋಲ್ಡಿನೋನ್ ಚುಚ್ಚಿಸುವುದಂತೂ ಮೂರ್ಖತನ. ಹೊರಗಿನಿಂದ ಹಾರ್ಮೋನ್ ಬಂದರೆ ಬೀಜ (ವೃಷಣ) ಸಣ್ಣದಾಗುತ್ತದೆ, ವೀರ್ಯಕಣಗಳ ಉತ್ಪಾದನೆ ಇಳಿಯುತ್ತದೆ. ರೇಸ್ ಕಾಲದಲ್ಲಿ ಏನೇನು ಕೊಟ್ಟಿದ್ದಾರೆ ಕೇಳ್ರಿ.

ಎರಡೂ ಬೀಜ ಕೆಳಗಿಳಿದಿವೆಯೇ ಮೊದಲು ಮುಟ್ಟಿಸಿ ನೋಡಿಸಿರಿ, ಒಂದೇ ಇದ್ದರೆ ಮಾತು ಅಲ್ಲಿಗೆ ಮುಗಿಯಿತು. ಎರಡರ ಒಟ್ಟು ಅಗಲ ಕನಿಷ್ಠ 8 ಸೆಂ.ಮೀ. ವೀರ್ಯ ಪರೀಕ್ಷೆಗೆ ಒಂದು ವಾರ ವಿಶ್ರಾಂತಿ ಕೊಟ್ಟು, ಒಂದು ಗಂಟೆಯ ಅಂತರದಲ್ಲಿ ಎರಡು ಸಲ ಸಂಗ್ರಹ. ನೋಡಬೇಕಾದ್ದು ಎರಡನೆಯದನ್ನು: ಅದರಲ್ಲಿ ಆಕಾರ ಸರಿಯಿದ್ದು ಮುಂದಕ್ಕೆ ಈಜುವ ಕಣಗಳು ಕನಿಷ್ಠ 100 ಕೋಟಿ ಇರಬೇಕು. ಮೊದಲನೆಯದರ ರಿಪೋರ್ಟ್ ಹಿಡಿದುಕೊಂಡು ಓಡಾಡಬೇಡ್ರಿ, ಅದರಲ್ಲಿ ಕೂಡಿಟ್ಟ ಸಂಗ್ರಹ ಬರುತ್ತದೆ. ಸಂಗ್ರಹಿಸುವಾಗ ಕೆ-ವೈ ಜೆಲ್ಲಿ ಬಳಸಬೇಡ್ರಿ, ಕಣಗಳ ಚಲನೆ ಕೆಡುತ್ತದೆ. ರಬ್ಬರ್ ತುದಿಯ ಸಿರಿಂಜ್ ಕೂಡ ಬೇಡ, ಪೂರ್ತಿ ಪ್ಲಾಸ್ಟಿಕ್ಕಿನದು, ನಾರ್ಮ್-ಜೆಕ್ಟ್ ತರಹದ್ದು ತರಿಸಿರಿ. ಎಕ್ಸ್‌ಟೆಂಡರ್‌ನಲ್ಲಿ (ವೀರ್ಯಕ್ಕೆ ಬೆರೆಸಿ ಕಣ ಉಳಿಸುವ ದ್ರವ) ಇನ್ರಾ 96 ದುಬಾರಿ, ಆದರೂ ನಾನು ಅದನ್ನೇ ಹೇಳುತ್ತೇನೆ. ಫಲಿತಾಂಶ ಕೆಟ್ಟದು ಬಂದರೆ ಎದೆಗುಂದಬೇಡ್ರಿ, ಕಳೆದ ಎರಡು ತಿಂಗಳಲ್ಲಿ ಜ್ವರ ಬಂದಿತ್ತೇ ನೆನಪು ಮಾಡಿಕೊಳ್ಳಿರಿ. ಕಣ ತಯಾರಾಗಿ ಹೊರಬರಲು ಎರಡು ತಿಂಗಳ ಮೇಲೆ ಬೇಕು, ಆದ್ದರಿಂದ 70 ದಿನ ಬಿಟ್ಟು ಮತ್ತೆ ಪರೀಕ್ಷೆ.

ರೋಗದ ಪಟ್ಟಿ: ಗ್ಲ್ಯಾಂಡರ್ಸ್, ಇಐಎ (ರಕ್ತಹೀನತೆ ತರುವ ವೈರಸ್), ಸರ್ರಾ (ನೊಣ ಹರಡುವ ರಕ್ತದ ಪರಾವಲಂಬಿ), ಇವಿಎ (ವೀರ್ಯದಿಂದಲೂ ಹರಡುವ ವೈರಸ್), ಸಿಇಎಂ (ಕೂಡುವಾಗ ಹರಡುವ ಬ್ಯಾಕ್ಟೀರಿಯಾ ಸೋಂಕು). ಮೊದಲ ನಾಲ್ಕು ರಕ್ತದಲ್ಲಿ. ಸಿಇಎಂಗೆ ರಕ್ತ ಸಾಲದು, ಮೂತ್ರನಾಳ, ಅದರ ಸುತ್ತಲಿನ ಗುಂಡಿ, ಶೀತ್ (ಲಿಂಗದ ಹೊರಚೀಲ) ಇಲ್ಲಿಂದ ಸ್ವ್ಯಾಬ್ ಬೇಕು, ಆ್ಯಂಟಿಬಯಾಟಿಕ್ ನಡೆಯುತ್ತಿರುವಾಗ ತೆಗೆದರೆ ವ್ಯರ್ಥ. ಗ್ಲ್ಯಾಂಡರ್ಸ್ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ, ಮನುಷ್ಯರಿಗೂ ಬರುತ್ತದೆ. ಹಿಸಾರ್‌ನ ಎನ್‌ಆರ್‌ಸಿಇಗೆ (ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರ) ಸ್ಯಾಂಪಲ್ ಹೋಗಲಿ. ಬರುವ ಮೇರ್‌ಗಳಿಗೂ ಇದೇ ನಿಯಮ, ಸ್ನೇಹಿತರದ್ದಾದರೂ ಸರಿ.

ಆಮದು ವಾರ್ಮ್‌ಬ್ಲಡ್ (ಯುರೋಪಿನ ಸವಾರಿ ಕ್ರೀಡೆಯ ತಳಿ) ಇಟ್ಟವರು ಡಬ್ಲ್ಯೂಎಫ್‌ಎಫ್‌ಎಸ್ ಜೀನ್ ಪರೀಕ್ಷೆಗೆ ಕೂದಲು ಕಳಿಸಿರಿ. ಗಂಡು, ಹೆಣ್ಣು ಎರಡೂ ಆ ಜೀನ್ ಹೊತ್ತಿದ್ದರೆ ನಾಲ್ಕರಲ್ಲೊಂದು ಮರಿ ಚರ್ಮ ಹರಿದು ಸಾಯುತ್ತದೆ ಅಥವಾ ಗರ್ಭದಲ್ಲೇ ಹೋಗುತ್ತದೆ. ಥರೋಬ್ರೆಡ್‌ನಲ್ಲಿ ಅಪರೂಪ, ಇಲ್ಲವೇ ಇಲ್ಲ ಅಂತಲ್ಲ. ಇನ್ನು ಸ್ಟಡ್‌ಬುಕ್‌ಗೆ ಸೇರುವ ಥರೋಬ್ರೆಡ್ ಮರಿ ಬೇಕಿದ್ದರೆ ನೈಸರ್ಗಿಕ ಕವರ್ ಮಾತ್ರ, ಎಐ (ಕೃತಕ ಗರ್ಭಧಾರಣೆ) ಮಾಡಿಸಿದರೆ ನೋಂದಣಿ ಇಲ್ಲ. ಇದನ್ನು ಮರಿ ಹುಟ್ಟಿದ ಮೇಲೆ ಕೇಳುವವರೇ ಹೆಚ್ಚು.

ಎಲ್ಲಾ ದಾಟಿದರೂ ಹನ್ನೆರಡು ಬೇಡ ಸರ್. ಮೊದಲ ವರ್ಷ ನಾಲ್ಕು ಮೇರ್, ನಾಲ್ಕೂ ಬೇರೆ ಬೇರೆ ಮೈಕಟ್ಟಿನವು. ಹನ್ನೊಂದು ತಿಂಗಳಾದ ಮೇಲೆ ನಾಲ್ಕೂ ಮರಿಗಳನ್ನು ಒಟ್ಟಿಗೆ ನಿಲ್ಲಿಸಿದಾಗ ಅಪ್ಪನಿಂದ ಏನು ಬಂದಿದೆ ಅಂತ ಕಾಣುತ್ತದೆ. ಫೀ ಅಲ್ಲಿಯವರೆಗೆ ಕಡಿಮೆ ಇಡ್ರಿ, ಬದಲಿಗೆ ಮರಿಗೆ ಮೂರು ವರ್ಷವಾದಾಗ ಫ್ರೀ ಜಂಪ್ ವಿಡಿಯೋ ಕೊಡಬೇಕು ಅಂತ ಕಾಗದದಲ್ಲಿ ಬರೆಸಿಕೊಳ್ಳಿರಿ.

ದಾಟದಿದ್ದರೆ ಗೆಲ್ಡ್ ಮಾಡಿಸಿರಿ, ಅಂದರೆ ಬೀಜ ತೆಗೆಸಿರಿ, ಅದರಲ್ಲಿ ಅವಮಾನವೇನಿಲ್ಲ. ಇದೇ ಕುದುರೆ ಒಳ್ಳೆಯ ಗೆಲ್ಡಿಂಗ್ ಆಗಿ ಹತ್ತು ವರ್ಷ ಮಕ್ಕಳನ್ನು ಹೊರುತ್ತದೆ. ಮಳೆಗಾಲದಲ್ಲಿ ಬೇಡ, ಕೆಸರು, ನೊಣ, ಹುಳ. ದೀಪಾವಳಿ ಕಳೆದ ಮೇಲೆ ಡಿಸೆಂಬರ್, ಜನವರಿ ಸರಿ. ಟೆಟನಸ್ ಲಸಿಕೆ ಮೊದಲೇ ಆಗಿರಬೇಕು. ಮರುದಿನದಿಂದ ಕೈಯಲ್ಲಿ ಹಿಡಿದು ದಿನಕ್ಕೆ ಎರಡು ಸಲ ನಡೆಸಿರಿ, ಲಾಯದಲ್ಲೇ ನಿಲ್ಲಿಸಿದರೆ ಬಾವು ಏರುತ್ತದೆ. ಕಣಗಳು ಇನ್ನೂ ಒಳಗೆ ಉಳಿದಿರುತ್ತವೆ, ಆರು ವಾರ ಮೇರ್‌ಗಳ ಪಕ್ಕದ ಪ್ಯಾಡಕ್‌ಗೆ ಬಿಡಬೇಡ್ರಿ.